ಇರುವೆಯನ್ನೂ ಕೊಲ್ಲದ ಗುಂಡು

ವಸ್ತಾದರು ನಕ್ಕರೆ ಹಲ್ಲಿಗಿಂತ ಮೊದಲು ವಸಡು ಕಾಣುತ್ತಿತ್ತು. ಹಲ್ಲು ವಸಡು ಕೂಡುವ ಅಂಚಿನಲ್ಲಿ, ಯಾರೋ ಪೆನ್ಸಿಲಿನಿಂದ ಎಳೆದ ಹಾಗೆ, ತೆಳ್ಳಗೆ ಒಂದು ನೀಲಿ ಗೆರೆ. ಕಲಿಯಲು ಬರುತ್ತಿದ್ದ ನಾವೆಲ್ಲ ಅದರ ಬಗ್ಗೆ ಬೇಕಾದಷ್ಟು ಕಥೆ ಕಟ್ಟಿದ್ದೆವು. ಎಲೆ ಅಡಿಕೆಯ ಕಲೆ ಅನ್ನೋಣವೆಂದರೆ ಅವರು ಚಹವನ್ನೂ ಕುಡಿಯುವವರಲ್ಲ. ಕದ್ದು ನೇರಳೆ ಹಣ್ಣು ತಿನ್ನುತ್ತಾರೆ ಎಂದು ಒಬ್ಬ, ಹುಟ್ಟುಮಚ್ಚೆ ಎಂದು ಇನ್ನೊಬ್ಬಳು. ಸುಳ್ಳು ಹೇಳದವರ ಬಾಯಲ್ಲಿ ಹಾಗೆ ಗೆರೆ ಮೂಡುತ್ತದೆ ಎಂದು ನಾನೇ ಹೊಸ ಹುಡುಗರನ್ನು ನಂಬಿಸಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಆ ಮಾತು ಮಾತ್ರ ನಿಜ.

ಕೊಲ್ಹಾಪುರದ ಕಡೆ ಕುಸ್ತಿ ತಾಲೀಮಿನ ಗುರುವಿಗೆ ವಸ್ತಾದ ಎನ್ನುತ್ತಾರೆ. ಇವರು ಮಣ್ಣು ಮುಟ್ಟಿದವರಲ್ಲ. ಇಚಲಕರಂಜಿಯಲ್ಲಿ ಮನೆತನದ ಮಗ್ಗಗಳನ್ನು ಮಾರಿ, ಖಾಲಿಯಾದ ಉದ್ದನೆಯ ಶೆಡ್ಡಿಗೆ ಪರವಾನಗಿ ಪಡೆದು, ಪಿಸ್ತೂಲು ಮತ್ತು ಹವೆಯ ಬಂದೂಕಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಸುತ್ತ ನಾಲ್ಕೂ ಕಡೆ ಮಗ್ಗಗಳ ಖಟಖಟ, ನಡುವೆ ನಮ್ಮ ಠುಸ್ ಠುಸ್. ಅವರು ಜೈನರು. ಶಿರೋಳದ ಹತ್ತಿರ ಅವರ ಅಣ್ಣನ ಕಬ್ಬಿನ ತೋಟ. ನಾಂದಣಿಯ ಜೈನ ಮಠಕ್ಕೆ ಹೋಗಿ ಬರುವುದನ್ನು ಒಮ್ಮೆಯೂ ತಪ್ಪಿಸದ, ನೀರು ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಡದ ಮನುಷ್ಯ ಬಂದೂಕು ಹಿಡಿದದ್ದು ಆ ಮನೆಗೆ ಸಿಡಿಲು ಬಡಿದಂತಾಗಿತ್ತು. ಅಣ್ಣ ಮಾತು ಬಿಟ್ಟರು. ಯಾರು ಏನೇ ಅಂದರೂ ವಸ್ತಾದರ ಉತ್ತರ ಒಂದೇ. ಅದನ್ನು ಅವರು ಕೆಣಕಿದವರಿಗೂ ಹೇಳುತ್ತಿದ್ದರು, ಮೊದಲ ದಿನ ಬಂದ ಮಕ್ಕಳಿಗೂ ಹೇಳುತ್ತಿದ್ದರು:

"ನನ್ನ ಗುಂಡು ಇವತ್ತಿನ ತನಕ ಒಂದು ಇರಬಿನೂ ಕೊಂದಿಲ್ಲ."

ಅದು ಒಣ ಜಂಬವಲ್ಲ. ಬೆಳೆ ಕಾಯಲು ಹಂದಿ ಹೊಡೆಯುವುದನ್ನು ಕಲಿಸಿರೆಂದು ನಮ್ಮ ಗಡಹಿಂಗ್ಲಜ ಕಡೆಯ ರೈತರು ಬಂದರೆ ಕೂರಿಸಿ, ಮಜ್ಜಿಗೆ ಕೊಟ್ಟು, ಕೈಮುಗಿದು ಕಳಿಸುತ್ತಿದ್ದರು. ಕಾಗದದ ಮೇಲಿನ ಕರಿ ಚುಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಗುರಿಯಿಡುವುದಿಲ್ಲವೆಂದು ನಮ್ಮಿಂದ ಮಾತು ತೆಗೆದುಕೊಂಡ ಮೇಲೆಯೇ ಪಿಸ್ತೂಲು ಕೈಗೆ ಬರುತ್ತಿತ್ತು. ಇನ್ನು ಶೆಡ್ಡಿನ ನೆಲ. ಅದನ್ನು ಬೇರೆ ಯಾರಿಗೂ ಗುಡಿಸಲು ಬಿಡುತ್ತಿರಲಿಲ್ಲ. ಮೆತ್ತನೆಯ ಹುಲ್ಲು ತರಿಸಿ ತಾವೇ ಕಸಬರಿಗೆ ಕಟ್ಟಿಕೊಂಡಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೊಣಕಾಲೂರಿ, ಕೂಸಿನ ಬೆನ್ನು ಸವರಿದಂತೆ ಗುಡಿಸುವರು. ಇರುವೆ ಸಿಕ್ಕರೆ ಅದು ತಾನಾಗಿ ದಾಟುವವರೆಗೆ ಕೈ ನಿಲ್ಲುತ್ತಿತ್ತು. ನೀರು ಹಾಕಿ ಒರೆಸೋಣ ಸರ್ ಎಂದು ಯಾರಾದರೂ ಅಂದರೆ, ನೀರಿಗೆ ಇರುವೆ ತೇಲಿ ಸಾಯುತ್ತವೆ, ಫಿನಾಯಿಲು ಅಂತೂ ವಿಷ ಎನ್ನುವರು. ಗುಂಡು ಹೋಗಿ ಬಡಿಯುವ ಕಬ್ಬಿಣದ ತಗಡಿನ ಕೆಳಗೆ ಬೂದುಬಣ್ಣದ ಪುಡಿ ಗುಡ್ಡೆ ಬಿದ್ದಿರುತ್ತಿತ್ತು. ಅದನ್ನೂ ಹಾಗೆಯೇ, ಒಣಗಿದ್ದನ್ನು ಒಣಗಿದ್ದಂತೆಯೇ, ಮೆಲ್ಲಗೆ ಮೊರಕ್ಕೆ ಎಳೆದುಕೊಳ್ಳುವರು. ಸಂಜೆಯ ಬಿಸಿಲು ಸಂದಿಯಿಂದ ಒಳಗೆ ಬಿದ್ದರೆ ಅವರ ತಲೆಯ ಸುತ್ತ ಆ ಧೂಳು ಹೊಳೆಯುತ್ತಿತ್ತು. ನೋಡಲು ಚೆಂದವಿತ್ತು ಎಂದು ಈಗ ಬರೆಯುವುದಕ್ಕೆ ನನಗೆ ಸಂಕಟವಾಗುತ್ತದೆ.

ಗುಡಿಸಿದ ಮೇಲೆ ಅಲ್ಲೇ ಮೂಲೆಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ಮನೆಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗಿದರೆ ಆ ದಿನ ಉಪವಾಸವೇ ಗತಿ. ನೀರಲ್ಲೂ ಜೀವವಿದೆ ಎಂದು ಕೈಗೆ ನಾಲ್ಕು ಹನಿ ಮಾತ್ರ ಹಾಕಿಕೊಳ್ಳುವರು. ಜೋಳದ ರೊಟ್ಟಿ, ಹಿಂಡಿ ಎನ್ನುವ ಒಣ ಚಟ್ನಿಪುಡಿ, ಮೊಸರು. ಗುರಿ ಚೆನ್ನಾಗಿ ಬಿದ್ದವರಿಗೆ ಆ ರೊಟ್ಟಿಯಲ್ಲಿ ಒಂದು ಚೂರು. ನಾನು ಎಷ್ಟೋ ಚೂರು ತಿಂದಿದ್ದೇನೆ.

ಗುಬ್ಬಿಯ ಸಂಗತಿಯನ್ನು ಹೇಳಲೇಬೇಕು. ಒಂದು ಭಾನುವಾರ ಮಕ್ಕಳ ಸ್ಪರ್ಧೆ ನಡೆದಿತ್ತು. ಊರಿನ ಗಣ್ಯರು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಲಿನ ಗವಾಕ್ಷಿಯಿಂದ ಒಳಗೆ ಬಂದ ಗುಬ್ಬಿಯೊಂದು ಗುರಿಹಲಗೆಯ ಮೇಲೆ ಕೂತು ಪುಕ್ಕ ಕೊಡವಿತು. ವಸ್ತಾದರು ಎಲ್ಲರ ಬಂದೂಕನ್ನೂ ಕೆಳಗಿಡಿಸಿದರು. ಗಣ್ಯರು ಗಡಿಯಾರ ನೋಡಿಕೊಂಡರು, ಕೆಮ್ಮಿದರು, ಎದ್ದೂ ಹೋದರು. ಗುಬ್ಬಿ ಹೋಗಲಿಲ್ಲ. ಸ್ಪರ್ಧೆಯೇ ಮರುದಿನಕ್ಕೆ ಹೋಯಿತು. ಅದೇ ವಾರ ಅವರು ಏಣಿ ಹತ್ತಿ ಎಲ್ಲ ಗವಾಕ್ಷಿಗಳಿಗೂ ಮಗ್ಗದ ದಪ್ಪ ಬಟ್ಟೆ ಜಡಿದು, ಕಿಟಕಿಗಳನ್ನು ಮುಚ್ಚಿ ಮೊಳೆ ಹೊಡೆದರು. ಆಮೇಲೆ ಯಾವ ಹಕ್ಕಿಯೂ ಒಳಗೆ ಬರಲಿಲ್ಲ. ಗಾಳಿಯೂ ಬರಲಿಲ್ಲ. ಇಚಲಕರಂಜಿಯವರಿಗೆ ಸೆಖೆ ಹೊಸತೇ, ನಾವು ಬೆವರು ಒರೆಸಿಕೊಂಡು ಹೊಡೆದೆವು. ಊರೆಲ್ಲ ಅವರ ದಯೆಯನ್ನು ಕೊಂಡಾಡಿತು.

ಅವರ ಹೆಂಡತಿಯನ್ನು ನಾವು ಕಾಕೂ ಎನ್ನುತ್ತಿದ್ದೆವು. ಮೆತ್ತಗೆ ಮಾತಾಡುವ, ಯಾವಾಗಲೂ ಕೈಯಲ್ಲಿ ಏನಾದರೊಂದು ಕೆಲಸ ಹಿಡಿದಿರುವ ಹೆಂಗಸು. ವಸ್ತಾದರ ಶೆಡ್ಡಿನ ಅಂಗಿಯನ್ನು ದಿನಾ ಅಂಗಳದಲ್ಲಿ ಧೂಳು ಹೋಗುವಂತೆ ಝಾಡಿಸಿ, ಆಮೇಲೆ ಒಗೆಯುತ್ತಿದ್ದಳು. ಮಕ್ಕಳಿರಲಿಲ್ಲ. ಮದುವೆಯಾದ ಮೊದಲ ವರ್ಷಗಳಲ್ಲಿ, ಅಂದರೆ ಶೆಡ್ಡು ಶುರುವಾದ ವರ್ಷಗಳಲ್ಲಿ, ಮೂರು ಸಲ ಬಸಿರು ನಿಂತು ಮೂರು ಸಲವೂ ಇಳಿದುಹೋಗಿತ್ತಂತೆ. ಮೂರನೆಯ ಸಲ ಅಣ್ಣ ಶಿರೋಳದಿಂದ ಬಂದು ಬಾಗಿಲಲ್ಲೇ ನಿಂತು, ಬಂದೂಕು ಮುಟ್ಟಿದ ಮನೆಯಲ್ಲಿ ಜೀವ ಹೇಗೆ ನಿಂತೀತು ಎಂದು ಕೇಳಿ ಹೋದರು. ವಸ್ತಾದರು ಆಗಲೂ ಅದೇ ಇರುವೆಯ ಮಾತು ಹೇಳಿದರಂತೆ. ಆ ಮಾತನ್ನು ಅವರು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದರು ಎಂಬುದು ಕಾಕೂ ಇದನ್ನು ಹೇಳಿದ ಮೇಲೆ ನನಗೆ ತಿಳಿಯಿತು. ಅದು ಸುಳ್ಳಾದರೆ ಅಣ್ಣನ ಮಾತು ನಿಜವಾಗುತ್ತಿತ್ತು.

ನನ್ನ ಕಥೆ ಚಿಕ್ಕದು. ಗಡಹಿಂಗ್ಲಜದಲ್ಲಿ ಅಪ್ಪನದು ಶೇಂಗಾ, ಮೆಣಸಿನಕಾಯಿ ವ್ಯಾಪಾರ. ಲಿಂಗ ಕಟ್ಟಿದ ಮನೆಯ ಹುಡುಗಿ ಪಿಸ್ತೂಲು ಹಿಡಿಯುತ್ತಾಳೆಂದರೆ ಅಜ್ಜಿ ಮೂರ್ಛೆ ಹೋಗುವುದೊಂದು ಬಾಕಿ. ಕಾಲೇಜಿಗೆಂದು ಇಚಲಕರಂಜಿಯ ಸೋದರಮಾವನ ಮನೆಗೆ ಬಂದವಳು ಈ ಶೆಡ್ಡಿಗೆ ಅಂಟಿಕೊಂಡೆ. ರಾಜ್ಯದ ತಂಡದವರೆಗೆ ಹೋದೆ. ಮದುವೆಯಾದ ಮೇಲೂ ಬಿಡಲಿಲ್ಲ. ಪುಣೆಯಲ್ಲಿ ದೊಡ್ಡ ಆಯ್ಕೆ ಸ್ಪರ್ಧೆಯಿದೆ ಎನ್ನುವಾಗ ಬಸುರಿಯಾದೆ. ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ, ನಾನು ಯಾರಿಗೂ ಹೇಳಿಯೂ ಇರಲಿಲ್ಲ. ಕಾಕೂ ಮುಖ ನೋಡಿಯೇ ಕಂಡುಹಿಡಿದು ಗಂಡನಿಗೆ ಹೇಳಿಬಿಟ್ಟಳು. ಮರುದಿನ ಶೆಡ್ಡಿನ ಬಾಗಿಲಲ್ಲಿ ವಸ್ತಾದರು ಕೈ ಅಡ್ಡ ಹಿಡಿದು ನಿಂತಿದ್ದರು.

"ಹೊಟ್ಯಾಗಿನ ಕೂಸು ಕೇಳೂ ಮೊದಲನೇ ಸಪ್ಪಳ ಬಂದೂಕಿಂದು ಆಗಬಾರದು," ಅಂದರು. "ಹಡದು ಬಾ. ಅಲ್ಲೀತನಕ ಈ ಹೊಸ್ತಿಲ ದಾಟಬ್ಯಾಡ."

ನಾನು ಅತ್ತು ಜಗಳಾಡಿದೆ, ಯಾವ ಕಾಲದಲ್ಲಿದ್ದೀರಿ ಎಂದು ಕೂಗಾಡಿದೆ. ಅವರು ಜಗ್ಗಲಿಲ್ಲ. ಆಯ್ಕೆ ತಪ್ಪಿತು, ಅದರೊಂದಿಗೆ ನನ್ನ ಆಟವೂ ಮುಗಿಯಿತು. ಮಗಳು ಹುಟ್ಟಿದಾಗ ಕಾಕೂ ಅಂಟಿನ ಉಂಡೆ ಕಳಿಸಿದಳು. ಸಿಟ್ಟಿನಿಂದ ತಿಂದೆ, ಆದರೂ ತಿಂದೆ.

ಆಮೇಲೆ ನಾನು ಹಿಡಿದ ಕೆಲಸ ಗುಂಡು ಮಾರುವುದು. ಕೊಲ್ಹಾಪುರದಲ್ಲಿ ಪರವಾನಗಿಯುಳ್ಳ ಒಂದು ಅಂಗಡಿ. ಕ್ರೀಡೆಯ ತೋಟಾ, ಹವೆಯ ಬಂದೂಕಿನ ಚರೆ, ಅದಕ್ಕೆ ಸಂಬಂಧಪಟ್ಟ ಸಾಮಾನು. ದೊಡ್ಡ ಊರುಗಳ ಪ್ರದರ್ಶನಗಳಿಗೆ ಹೋಗಿ ಈ ವರ್ಷ ಏನು ಹೊಸ ಮಾಲು ಬಂದಿದೆ ಎಂದು ನೋಡಿಕೊಂಡು ಬರುವುದು ನನ್ನ ಪಾಲಿಗೆ ಬಂತು. ಮೊದಮೊದಲು ಇನ್ನೂ ವೇಗ, ಇನ್ನೂ ನಿಖರ ಎಂಬುದೇ ಮಾತಾಗಿತ್ತು. ಈಚಿನ ವರ್ಷಗಳಲ್ಲಿ ಗಾಳಿ ಬೇರೆ ಕಡೆ ಬೀಸತೊಡಗಿತ್ತು. ಸೀಸವಿಲ್ಲದ ಚರೆ, ತವರ ಬೆರೆಸಿದ್ದು. ಸೀಸದ ಮೇಲೆ ಬಣ್ಣಬಣ್ಣದ ಲೇಪ ಹೊದಿಸಿದ ಗುಂಡು. ಕಿಡಿ ಹೊತ್ತಿಸುವ ಮದ್ದಿನಲ್ಲೂ ಸೀಸ ತೆಗೆದ ತೋಟಾ. ತೋಟಾದೊಳಗೆ ಚರೆ ಹಿಡಿದಿಡುವ ಪ್ಲಾಸ್ಟಿಕ್ಕಿನ ಬಟ್ಟಲಿನ ಬದಲು ಮಳೆಗೆ ಕರಗುವ ನಾರಿನ ಬಟ್ಟಲು. ಮಳಿಗೆಯ ಗೋಡೆಯ ತುಂಬ ಕೆರೆಯಲ್ಲಿ ತೇಲುವ ಹಂಸ, ಬಾತುಕೋಳಿಗಳ ಚಿತ್ರ. ಬೇಟೆಗಾರರು ಹೊಡೆದ ಸೀಸದ ಚರೆ ಕೆರೆಯ ತಳಕ್ಕೆ ಬೀಳುತ್ತದೆ, ಹಕ್ಕಿಗಳು ಕಾಳೆಂದು ನುಂಗಿ ಸಾಯುತ್ತವೆ, ಅದಕ್ಕಾಗಿ ಈ ಹೊಸ ಮಾಲು ಎಂದು ಟೈ ಕಟ್ಟಿದ ಹುಡುಗ ವಿವರಿಸಿದ. ನಾನು ಕೇಳಿದ್ದು ಅಷ್ಟೇ, ಅವನಿಗೆ ಹೇಳಿಕೊಟ್ಟದ್ದೂ ಅಷ್ಟೇ ಇರಬೇಕು.

ಹಕ್ಕಿಯ ಮಾತೆಂದರೆ ವಸ್ತಾದರು ಕರಗದೆ ಇರಲಾರರು ಎಂದುಕೊಂಡು ಒಂದು ಡಬ್ಬಿ ಚರೆಯನ್ನೂ ಒಂದಿಷ್ಟು ತೋಟಾಗಳನ್ನೂ ಇಚಲಕರಂಜಿಗೆ ಒಯ್ದೆ. ಹಂಸಗಳ ಕಥೆಯನ್ನು ಕಣ್ಣು ಮುಚ್ಚಿ ಕೇಳಿದರು. ಪಾಪ, ಪಾಪ ಎಂದರು. ಚರೆಯೊಂದನ್ನು ಅಂಗೈಯಲ್ಲಿ ಆಡಿಸಿ, ಭಾಳ ಹಗುರ ಎಂದರು. ಹೊಡೆದು ನೋಡಿದರು. ಅವರ ಹಳೆಯ ಬಂದೂಕಿಗೆ ಅದು ಒಗ್ಗಲಿಲ್ಲ. ಸೀಸದ ಚರೆ ಒಂದೇ ತೂತಿನಲ್ಲಿ ಹೋಗುವ ಕಡೆ ಇದು ಗೋಧಿ ಚೆಲ್ಲಿದಂತೆ ಅಲ್ಲಲ್ಲಿ ಬಿತ್ತು. ಕಾಗದವನ್ನು ನನಗೆ ತೋರಿಸಿ, ನೀಲಿ ಗೆರೆ ಕಾಣುವಂತೆ ನಕ್ಕರು.

"ಚಲೋ ಮಾಲು ತಂದೀ, ಹಕ್ಕಿ ಇರೂ ಊರಿಗಿ ಮಾರು. ನಮ್ಮ ಶೆಡ್ಡಿನಾಗ ಹಕ್ಕಿ ಎಲ್ಲಿಂದ ಬರತಾವು? ಎಲ್ಲಾ ಕಿಡಕಿ ಮುಚ್ಚೇನಲ್ಲ."

ನಾನೂ ನಕ್ಕು ಡಬ್ಬಿ ಮುಚ್ಚಿಕೊಂಡು ಬಂದೆ.

ಅದಾದ ಮಳೆಗಾಲದಲ್ಲಿ ಅವರ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ನೋವಿಲ್ಲ, ಗಾಯವಿಲ್ಲ. ಎತ್ತೆಂದರೆ ಅಂಗೈ ಮೇಲೇಳುವುದಿಲ್ಲ, ಅಷ್ಟೇ. ಇಪ್ಪತ್ತೈದು ಮೀಟರ್ ದೂರದ ಚುಕ್ಕೆಯನ್ನು ಉಸಿರು ಹಿಡಿದು ಹೊಡೆಯುತ್ತಿದ್ದ ಕೈಯಿಂದ ನೀರಿನ ಲೋಟ ಜಾರಿತು. ಹೊಟ್ಟೆನೋವು ಮೊದಲೇ ಇತ್ತು, ಮುರಿದು ಹಿಂಡುವಂಥ ನೋವು. ಹಿಂಡಿಯ ಖಾರಕ್ಕೆ ಎಂದು ಕಾಕೂ ವರ್ಷಗಟ್ಟಲೆ ಓಂಕಾಳಿನ ಕಷಾಯ ಕುಡಿಸಿದ್ದಳು. ವಯಸ್ಸಿನ ವಾಯು ಎಂದು ಒಬ್ಬರು, ಅಣ್ಣನ ಶಾಪ ಎಂದು ಇನ್ನೊಬ್ಬರು. ನಾನು ವಸ್ತಾದರನ್ನೂ ಕಾಕೂನನ್ನೂ ಕರೆದುಕೊಂಡು ಕೊಲ್ಹಾಪುರದ ಡಾಕ್ಟರರಲ್ಲಿಗೆ ಹೋದೆ. ಮರಾಠಿ ಮಾತಾಡುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈ ನೋಡಿದಳು, ಬಾಯಿ ತೆರೆಯಿರಿ ಎಂದಳು. ತುಟಿ ಎತ್ತಿ ವಸಡಿನ ಗೆರೆಯನ್ನು ತುಂಬ ಹೊತ್ತು ನೋಡಿದಳು. ಬ್ಯಾಟರಿ ಕೆಲಸ ಮಾಡುತ್ತೀರಾ ಎಂದು ಕೇಳಿದಳು. ಇಲ್ಲ, ಬಂದೂಕು ಎಂದೆ.

ರಕ್ತದಲ್ಲಿ ಸೀಸದ ವಿಷವಿದೆ ಎಂಬ ವರದಿ ಬಂದಾಗ ಆಕೆ ನಿಧಾನವಾಗಿ ಎಲ್ಲವನ್ನೂ ಕೇಳಿಕೊಂಡಳು. ಗಾಳಿ ಆಡುತ್ತದೆಯೇ, ನೆಲ ಹೇಗೆ ಶುಚಿ ಮಾಡುತ್ತೀರಿ, ಊಟ ಎಲ್ಲಿ. ವಸ್ತಾದರು ಪ್ರತಿಯೊಂದಕ್ಕೂ ಹೆಮ್ಮೆಯಿಂದ ಉತ್ತರಿಸಿದರು. ಕಿಟಕಿ ಯಾಕೆ ಮುಚ್ಚಿದ್ದು, ಕಸಬರಿಗೆ ಯಾಕೆ ಮೆತ್ತನೆಯದು, ನೀರು ಯಾಕೆ ಹಾಕುವುದಿಲ್ಲ, ಹೊತ್ತು ಮುಳುಗುವ ಮೊದಲು ಅಲ್ಲೇ ಯಾಕೆ ಉಣ್ಣುವುದು. ಆಕೆಯ ಮುಖ ಬಾಡುತ್ತ ಹೋಯಿತು. ಗುಂಡು ತಗಡಿಗೆ ಬಡಿದಾಗ ಸೀಸ ಪುಡಿಯಾಗುತ್ತದೆ, ಮದ್ದಿನ ಹೊಗೆಯಲ್ಲೂ ಸೀಸವಿದೆ, ಒಣ ನೆಲ ಗುಡಿಸಿದರೆ ಅದೆಲ್ಲ ಎದ್ದು ಮೂಗಿಗೆ ಬರುತ್ತದೆ, ಕೈಯಿಂದ ರೊಟ್ಟಿಗೆ ಬರುತ್ತದೆ, ವಸಡಿನ ನೀಲಿ ಗೆರೆ ಅದರದೇ ಗುರುತು ಎಂದು ಬಿಡಿಸಿ ಹೇಳಿದಳು. ಒದ್ದೆ ಬಟ್ಟೆಯಿಂದಲೇ ಒರೆಸಬೇಕು, ಗಾಳಿ ಹೊರಗೆ ಹೋಗಬೇಕು, ಒಳಗೆ ಏನೂ ತಿನ್ನಬಾರದು. ಅವರು ಪುಣ್ಯವೆಂದು ಮಾಡಿದ್ದೆಲ್ಲ ತಿರುಗಿ ನಿಂತಿತ್ತು.

ಅವರು ಮೊದಲು ಕೇಳಿದ್ದು ತಮ್ಮ ಕೈಯ ಬಗ್ಗೆ ಅಲ್ಲ. "ನನ್ನ ಹುಡುಗೂರು?" ಎಂದರು. ಎಲ್ಲರ ರಕ್ತವನ್ನೂ ನೋಡಬೇಕು ಎಂದಳು ಡಾಕ್ಟರು. ಆಮೇಲೆ ಬಟ್ಟೆಗಳನ್ನು ಮನೆಯಲ್ಲಿ ಯಾರು ಒಗೆಯುತ್ತಾರೆ ಎಂದು ಕಾಕೂನತ್ತ ತಿರುಗಿದಳು. ನಾನೇ, ಮೊದಲು ಝಾಡಿಸುತ್ತೇನೆ ಎಂದಳು ಕಾಕೂ.

"ಮುಲಂ-ಬಾಳಂ?" ಎಂದು ಡಾಕ್ಟರು ಮಕ್ಕಳ ಬಗ್ಗೆ ಕೇಳಿದಳು.

ಇಲ್ಲ, ನಿಂತಿದ್ದವು ಉಳಿಯಲಿಲ್ಲ ಎಂದು ಕಾಕೂ ಮರಾಠಿಯಲ್ಲೇ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷಗಳ ಮೇಲೆ ಖಚಿತವಾಗಿ ಹೇಳಲು ಬರುವುದಿಲ್ಲ, ಬೇರೆ ಕಾರಣಗಳೂ ಇರುತ್ತವೆ, ಆದರೆ ಆ ಧೂಳು ಬಟ್ಟೆಗೆ ಅಂಟಿ ಮನೆಗೆ ಬರುತ್ತದೆ, ಬಸುರಿಯ ರಕ್ತದಿಂದ ಕೂಸಿಗೂ ಹೋಗುತ್ತದೆ, ಹಾಗೆ ಆಗಿರಲೂಬಹುದು ಎಂದಳು. ಆಕೆ ಹತ್ತು ಮಾತು ಹೇಳಿದಳು. ಇವರ ಕಿವಿಗೆ ಬಿದ್ದದ್ದು ಕೊನೆಯದೊಂದೇ. ಇಚಲಕರಂಜಿಯ ಮನೆಯ ಬಾಗಿಲಲ್ಲಿ ವಸ್ತಾದರು ಅಂಗಿಯನ್ನು ಕಳಚಿ ಹೊರಗೇ ಬಿಟ್ಟು ಬರಿಮೈಯಲ್ಲಿ ಒಳಗೆ ಹೋದರು.

ಮರುದಿನವೇ ಶೆಡ್ಡಿಗೆ ಬೀಗ ಬಿತ್ತು. ಕಲಿಯುತ್ತಿದ್ದ ಎಲ್ಲ ಮಕ್ಕಳ ಮನೆಗೂ ಅವರು ಜೋಲು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತಾವೇ ಹೋದರು. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿರಿ, ತಪ್ಪು ನನ್ನದು ಎಂದರು. ಕೆಲವರು ಕೂರಿಸಿ ನೀರು ಕೊಟ್ಟರು. ಒಬ್ಬ ತಂದೆ ಬೀದಿಯಲ್ಲೇ ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದ. ಅದನ್ನು ತಲೆ ತಗ್ಗಿಸಿ ಪೂರ್ತಿ ಕೇಳಿಕೊಂಡು ಮುಂದಿನ ಮನೆಗೆ ನಡೆದರು. ಒಂದಿಬ್ಬರು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿತ್ತು. ಧೂಳಿನಿಂದ ದೂರವಿದ್ದರೆ ಇಳಿಯುತ್ತದೆ ಎಂದಳು ಡಾಕ್ಟರು, ಇಳಿಯಿತು. ನನ್ನದೂ ನನ್ನ ಮಗಳದೂ ನೋಡಿಸಿದೆವು. ಮಗಳದರಲ್ಲಿ ಏನೂ ಇರಲಿಲ್ಲ. ವರದಿಯನ್ನು ಹಿಡಿದುಕೊಂಡು ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಆ ದಿನ ಅವರು ಕೈ ಅಡ್ಡ ಹಿಡಿಯದೆ ಹೋಗಿದ್ದರೆ, ತುಂಬು ಬಸುರಿಯಾಗುವವರೆಗೆ ನಾನು ಅದೇ ಧೂಳಿನಲ್ಲಿ ಕೂತು ಅದೇ ರೊಟ್ಟಿ ತಿನ್ನುತ್ತಿದ್ದೆ.

ಶೆಡ್ಡನ್ನು ಹಾಗೇ ಬಿಡುವಂತಿರಲಿಲ್ಲ, ಗೋಡೆಯಾಚೆ ಮಗ್ಗದವರ ಸಂಸಾರಗಳಿದ್ದವು. ನಾನೂ ಹಳೆಯ ಕೆಲವರೂ ಮುಖಕ್ಕೆ ಮುಖವಾಡ, ಕೈಗೆ ಗವಸು ಹಾಕಿಕೊಂಡು, ಬಕೆಟ್ಟು ಬಟ್ಟೆ ಹಿಡಿದು ಇಳಿದೆವು. ಡಾಕ್ಟರು ಬೇಡವೆಂದರೂ ವಸ್ತಾದರು ಬಂದು ಹೊಸ್ತಿಲ ಆಚೆ ಸ್ಟೂಲು ಹಾಕಿಸಿಕೊಂಡು ಕೂತರು. ಕಿಟಕಿಯ ಮೊಳೆ ಕಿತ್ತೆವು, ಬಟ್ಟೆ ಹರಿದೆವು. ಬಾಗಿಲ ಹತ್ತಿರ ಒರೆಸುತ್ತಿದ್ದಾಗ ಗೋಡೆಯ ಬುಡದಲ್ಲಿ ಇರುವೆಗಳ ಸಾಲೊಂದು ಕಂಡಿತು. ನನ್ನ ಕೈ ತಾನೇ ನಿಂತಿತು. ತಲೆಯೆತ್ತಿ ಅವರನ್ನು ನೋಡಿದೆ. ಅವರೂ ಸಾಲನ್ನೇ ನೋಡುತ್ತಿದ್ದರು.

"ಒರಸವ್ವ," ಎಂದರು.

ನಾನು ಆಗಲೂ ತಡೆದೆ. ಸ್ವಲ್ಪ ಹೊತ್ತು ಬಿಟ್ಟರೆ ದಾಟಿ ಹೋಗುತ್ತವೆ ಎಂದೆ.

"ಒರಸು. ಇನ್ನ ಯಾರ ಮುಂದ ಸೋಗು ಹಾಕೂದೈತಿ?"

ಒರೆಸಿದೆ. ನೀರಿನಲ್ಲಿ ಅವು ಒದ್ದಾಡಿದವು. ಅವರು ಕಣ್ಣು ಮುಚ್ಚಲಿಲ್ಲ. ಆಮೇಲೆ ಆ ಇರುವೆಯ ಮಾತು ಅವರ ಬಾಯಿಂದ ಬರಲಿಲ್ಲ.

ಮೂತ್ರಪಿಂಡಗಳು ಆಗಲೇ ಸೋತಿದ್ದವು. ಔಷಧಿ ಕೊಟ್ಟರು, ಸೀಸವನ್ನು ಇಳಿಸಲು ನೋಡಿದರು, ತಡವಾಗಿತ್ತು. ಅವರ ಮನೆತನದಲ್ಲಿ ಹಿರಿಯರು ಅನ್ನ ನೀರು ಬಿಟ್ಟು, ವ್ರತ ಹಿಡಿದು, ಸಮಾಧಾನದಿಂದ ಹೋದವರಿದ್ದಾರೆ. ಅದು ಅಲ್ಲಿ ದೊಡ್ಡ ಗೌರವ. ಸಂಬಂಧಿಕರು ಆ ಮಾತು ತೆಗೆದರು. ಅದಕ್ಕೆ ನಾನು ಯೋಗ್ಯನಲ್ಲ ಎಂದುಬಿಟ್ಟರು ವಸ್ತಾದರು. ಕಾಕೂ ಅವರ ಮೇಲೆ ಒಮ್ಮೆಯಾದರೂ ಸಿಟ್ಟು ಮಾಡಿದ್ದನ್ನು ನಾನು ಕಾಣೆ. ಮಾಡಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಕೊನೆಯ ವಾರಗಳಲ್ಲಿ ಕೊಲ್ಹಾಪುರದ ಆಸ್ಪತ್ರೆಯಲ್ಲಿದ್ದರು. ಅಂಗಡಿಯಿಂದ ದಿನಾ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಮಗಳನ್ನೂ ಕರೆದೊಯ್ದೆ. ಮನೆಯಲ್ಲಿ ನನ್ನಿಂದ ಸಾವಿರ ಸಲ ಕೇಳಿದ್ದ ಕಥೆಯಲ್ಲವೇ, ಮಂಚದ ಬಳಿ ಹೋದವಳೇ, "ಅಜ್ಜಾ, ನಿಮ್ಮ ಗುಂಡು ಒಂದು ಇರಬಿನೂ ಕೊಂದಿಲ್ಲಂತ, ಹೌದ್ರಿ?" ಎಂದು ಕೇಳಿಬಿಟ್ಟಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಕಾಕೂ ಮೋಸಂಬಿ ಸುಲಿಯುತ್ತಿದ್ದವಳು ಹಾಗೇ ಕೂತಳು. ವಸ್ತಾದರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಸಾಮಾನು ಇಟ್ಟಂತೆ, ಹುಡುಗಿಯ ತಲೆಯ ಮೇಲೆ ಇಟ್ಟರು. ಅದು ಜಾರಿ ಅವಳ ಹೆಗಲಿಗೆ ಬಿತ್ತು. ಮತ್ತೆ ಎತ್ತಿ ಇಟ್ಟರು.

"ನೀ ಒಬ್ಬಾಕಿ ಉಳದೀ," ಎಂದರು.

ಅವರು ಹೋದ ದಿನ ಇಚಲಕರಂಜಿಯ ಮನೆಯ ಮುಂದೆ ಹಳೆಯ ಶಿಷ್ಯರೆಲ್ಲ ಸೇರಿದ್ದರು. ಬೈದಿದ್ದ ತಂದೆಯೂ ಬಂದು ಮೂಲೆಯಲ್ಲಿ ನಿಂತಿದ್ದ. ಶಿರೋಳದಿಂದ ಅಣ್ಣ ಬಂದರು. ವರ್ಷಾನುಗಟ್ಟಲೆ ಆ ಹೊಸ್ತಿಲು ತುಳಿಯದವರು ತಮ್ಮನ ಕಾಲ ಬಳಿ ಕೂತು ಗೋಳಾಡಿದರು. ಡಾಕ್ಟರು ಹೇಳಿದ ಒಳಗಿನ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ. ಬಂದವರಿಗೆಲ್ಲ ಕೇಳುವಂತೆ, ನನ್ನ ತಮ್ಮ ದೇವರಂಥವನು, ಬಂದೂಕು ಹಿಡಿದರೂ ಒಂದು ಇರುವೆಯನ್ನೂ ಕೊಲ್ಲಲಿಲ್ಲ, ನಾನೇ ತಪ್ಪು ತಿಳಿದೆ ಎನ್ನತೊಡಗಿದರು. ವಸ್ತಾದರು ಬದುಕಿರುವವರೆಗೂ ಆ ಬಾಯಿಂದ ಕೇಳಲು ಕಾದಿದ್ದ ಮಾತು ಅದು.

ಕಾಕೂ ಒಳಗಿನಿಂದ ಎದ್ದು ಬಂದಳು. ಭಾವನ ಎದುರು ಆಕೆ ದನಿಯೆತ್ತಿದ್ದನ್ನು ಯಾರೂ ಕಂಡಿರಲಿಲ್ಲ.

"ಆ ಮಾತು ಬ್ಯಾಡ್ರಿ," ಎಂದಳು. "ಭಾಳ ಸುಡತಿತ್ತು ಅವರಿಗಿ."

ಅಣ್ಣ ಅರ್ಥವಾಗದೆ ಆಕೆಯ ಮುಖ ನೋಡಿದರು. ನನ್ನ ಮಗಳು ಕಾಕೂನ ಸೆರಗು ಹಿಡಿದು ನಿಂತಿದ್ದಳು. ಕಾಕೂ ಅವಳ ಕೈ ಬಿಡಿಸಲಿಲ್ಲ.

ನಾನು ಈಗಲೂ ಗುಂಡು ಮಾರುತ್ತೇನೆ. ಹೊಸ ಮಾಲಿನ ಬಗ್ಗೆ ಕೇಳಲು ಬಂದವರಿಗೆ ಹಂಸದ ಚಿತ್ರ ತೋರಿಸುವ ಮೊದಲು, ನೆಲ ಹೇಗೆ ಒರೆಸುತ್ತೀರಿ ಎಂದು ಕೇಳುತ್ತೇನೆ. ಈಯಮ್ಮ ತೋಟಾ ಮಾರುತ್ತಾಳೋ ಫರಶಿ ಒರೆಸುವುದನ್ನು ಕಲಿಸುತ್ತಾಳೋ ಎಂದು ನಗುತ್ತಾರೆ, ನಗಲಿ. ಕಾಕೂ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾಳೆ. ಬಂದಾಗಲೆಲ್ಲ ಮಗಳನ್ನು ಹತ್ತಿರ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚುತ್ತಾಳೆ. ಮಗಳು ದೊಡ್ಡವಳಾಗಿದ್ದಾಳೆ, ಬೇರೆ ಯಾರಾದರೂ ಹಾಗೆ ಮಾಡಿದರೆ ಎದ್ದು ಓಡುತ್ತಾಳೆ. ಕಾಕೂ ಬಾಚಿ ಮುಗಿಸುವವರೆಗೆ ಮಾತ್ರ ಅಲುಗಾಡದೆ ಕೂತಿರಬೇಕೆಂದು ನಾನು ಅವಳಿಗೆ ಹೇಳಿಟ್ಟಿದ್ದೇನೆ.